ಸಿಎನ್‌ಸಿ ರೌಟರ್‌ಗೆ ಟಿಬಿ6600 ಡ್ರೈವ್ ತೆಗೆದು ಡಿಎಂ542 ಹಾಕಲೋ, ಕ್ಲೋಸ್ಡ್ ಲೂಪ್‌ಗೇ ಹೋಗಲೋ? ಇನ್ಲೇ ಪಾಕೆಟ್ ಬಲಕ್ಕೆ ಜಾರುತ್ತಿದೆ

ಬೀಟೆಮರ_ಮೈಸೂರು:
ಬೀಟೆ ಮರದ ಇನ್ಲೇ ಹಲಗೆಗೆ 2 ಮಿ.ಮೀ. ಆಳದ ಪಾಕೆಟ್ (ಬೇರೆ ತುಂಡು ಕೂರಿಸೋ ಗುಳಿ) ತೆಗೆಯೋಕೆ 600×400 ಮಿ.ಮೀ. ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯೋ ಯಂತ್ರ) ಕಟ್ಟಿದ್ದೇನೆ. ಎಲ್ಲ ಅಕ್ಷಕ್ಕೂ 1605 ಬಾಲ್ ಸ್ಕ್ರೂ (ಒಂದು ಸುತ್ತಿಗೆ 5 ಮಿ.ಮೀ. ಸರಿಸುತ್ತದೆ), ವೈ ಕಡೆ ಎರಡು ಮೋಟಾರ್. ಒಟ್ಟು ನಾಲ್ಕು ನೇಮಾ 23 ಸ್ಟೆಪ್ಪರ್ ಮೋಟಾರ್, ತಲಾ 3 ಆಂಪ್, 3 ಮಿಲಿಹೆನ್ರಿ. ಮೋಟಾರ್ ಓಡಿಸೋ ಡ್ರೈವ್ ಟಿಬಿ6600, 24 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಆರ್ಡುಯಿನೊ ಊನೊ ಬೋರ್ಡ್ ಮೇಲೆ ಯಂತ್ರ ನಡೆಸೋ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1. ಮೈಕ್ರೊಸ್ಟೆಪ್ 8 (ಒಂದು ಸ್ಟೆಪ್ಪನ್ನು ಎಂಟು ಭಾಗ ಮಾಡೋದು), ಎಕ್ಸ್‌ಗೆ $100=320 (ಮಿ.ಮೀ.ಗೆ ಇಷ್ಟು ಪಲ್ಸ್), $110=3000 (ಗರಿಷ್ಠ ವೇಗ, ಮಿ.ಮೀ./ನಿಮಿಷ), $120=300 (ಆಕ್ಸಿಲರೇಶನ್).

ತೊಂದರೆ ಎರಡು. ವೇಗ 2000 ದಾಟಿದರೆ ಆಗಾಗ ಮೋಟಾರ್ ಗುರ್ ಅಂತ ನಿಂತುಬಿಡುತ್ತದೆ. ಇನ್ನೊಂದು, ಅಗಲವಾದ ಪಾಕೆಟ್ ಮುಗಿಯುವಷ್ಟರಲ್ಲಿ ಎಕ್ಸ್ ಸೊನ್ನೆ ಅರ್ಧ ಮಿ.ಮೀ.ಗಿಂತ ಜಾಸ್ತಿ ಬಲಕ್ಕೆ ಹೋಗಿರುತ್ತದೆ, ತುಂಡು ಕೂರೋದೇ ಇಲ್ಲ. ಡಿಎಂ542 ಡ್ರೈವ್ ಸಾಕೋ, ಎನ್‌ಕೋಡರ್ (ಶಾಫ್ಟ್ ಎಷ್ಟು ತಿರುಗಿತು ಅಂತ ಅಳೆಯೋ ಸೆನ್ಸರ್) ನೋಡಿ ತಿದ್ದಿಕೊಳ್ಳೋ ಕ್ಲೋಸ್ಡ್ ಲೂಪ್ ತಗೊಳ್ಳಲೋ? ಸಪ್ಲೈ 36 ಹಾಕಲೋ 48 ಹಾಕಲೋ?

ಸ್ಪಿಂಡಲ್_ಮೆಟಗಳ್ಳಿ:
ಸರ್, ಸದ್ಯಕ್ಕೆ ಏನೂ ಕೊಳ್ಳಬೇಡಿ. ನೀವು ಹೇಳಿದ ಎರಡೂ ತೊಂದರೆಗೆ ಮೂಲ ಬೇರೆಬೇರೆ.

ಗುರ್ ಅಂತ ನಿಲ್ಲೋದು ವೋಲ್ಟೇಜ್ ಸಾಲದೆ. 3000 ಮಿ.ಮೀ./ನಿಮಿಷ ಅಂದರೆ 5 ಮಿ.ಮೀ. ಲೀಡ್‌ನ ಸ್ಕ್ರೂ 600 ಆರ್‌ಪಿಎಂ ತಿರುಗಬೇಕು. ಸೆಕೆಂಡಿಗೆ 10 ಸುತ್ತು, 2000 ಫುಲ್ ಸ್ಟೆಪ್, ಒಂದೊಂದಕ್ಕೆ ಸಿಗೋದು 0.5 ಮಿಲಿಸೆಕೆಂಡ್. 3 ಮಿಲಿಹೆನ್ರಿ ಕಾಯಿಲ್‌ನಲ್ಲಿ 3 ಆಂಪ್ ಏರೋಕೆ 24 ವೋಲ್ಟ್‌ನಲ್ಲಿ ಸುಮಾರು 0.375 ಮಿಲಿಸೆಕೆಂಡ್ ಬೇಕು, ಅದೂ ಬ್ಯಾಕ್ ಇಎಂಎಫ್ (ತಿರುಗೋ ಮೋಟಾರ್ ತಾನೇ ಹುಟ್ಟಿಸೋ ಎದುರು ವೋಲ್ಟೇಜ್) ಬಿಟ್ಟು. ಅದೂ ಸೇರಿದರೆ ಕರೆಂಟ್ ಪೂರ್ತಿ ಏರುವಷ್ಟರಲ್ಲಿ ಮುಂದಿನ ಸ್ಟೆಪ್ ಬಂದಿರುತ್ತದೆ, ಟಾರ್ಕ್ (ತಿರುಗಿಸೋ ಬಲ) ಉಳಿಯೋದಿಲ್ಲ. 36 ವೋಲ್ಟ್‌ನಲ್ಲಿ ಅದೇ ಏರಿಕೆಗೆ 0.25 ಸಾಕು.

ಬಲಕ್ಕೆ ಜಾರೋದರ ಕಥೆ ಬೇರೆ. ಸ್ಟಾಲ್ ಆಗಿದ್ದರೆ, ಅಂದರೆ ಮೋಟಾರ್ ನಿಂತು ಹೀಗಾಗಿದ್ದರೆ, ಒಂದೇ ಸಲ ಮಿಲಿಮೀಟರ್‌ಗಟ್ಟಲೆ ಹಾರಬೇಕಿತ್ತು, ಯಾವ ಕಡೆಗೆ ಅಂತಲೂ ಹೇಳೋಕಾಗ್ತಿರಲಿಲ್ಲ. ನಿಮ್ಮದು ಸ್ವಲ್ಪಸ್ವಲ್ಪವೇ, ಯಾವಾಗಲೂ ಒಂದೇ ಕಡೆಗೆ. ಹೀಗೆ ಪರೀಕ್ಷಿಸಿ: ಸ್ಪಿಂಡಲ್ (ಕಟ್ಟರ್ ತಿರುಗಿಸೋ ಮೋಟಾರ್) ಆಫ್, ಎಕ್ಸ್‌ಗೆ ಡಯಲ್ ಗೇಜ್ (ಸಣ್ಣ ಸರಿದಾಟ ಅಳೆಯೋ ಮಾಪಕ) ತಾಗಿಸಿ ಸೊನ್ನೆ ಮಾಡಿ, 0 ಇಂದ 5 ಮಿ.ಮೀ.ಗೆ ಹೋಗಿ ವಾಪಸ್ 0ಗೆ ಬರೋ ಹಾಗೆ 200 ಸಲ ಓಡಿಸಿ, ಫೀಡ್ (ಓಟದ ವೇಗ) 300 ಮಾತ್ರ. ಗೇಜ್ ಕಡ್ಡಿಗೆ 5 ಮಿ.ಮೀ. ಓಟ ಇರದಿದ್ದರೆ 1 ಮಿ.ಮೀ. ಹೋಗಿಬಂದರೂ ಸಾಕು. ಓಡಿಸೋ ಮೊದಲು ಮೋಟಾರ್ ಶಾಫ್ಟ್ ಮತ್ತು ಅದನ್ನು ಬಾಲ್ ಸ್ಕ್ರೂಗೆ ಜೋಡಿಸೋ ಕಪ್ಲರ್ ಎರಡರ ಮೇಲೂ ಒಂದೇ ಮಾರ್ಕರ್ ಗೆರೆ ಎಳೆದುಬಿಡಿ. ಗೆರೆ ಮುರಿದಿದ್ದರೆ ಕಪ್ಲರ್ ಬಿಗಿಯೋ ಗ್ರಬ್ ಸ್ಕ್ರೂ ಸಡಿಲ, ಡ್ರೈವ್‌ಗೂ ಅದಕ್ಕೂ ಸಂಬಂಧ ಇಲ್ಲ.

ಬೀಟೆಮರ_ಮೈಸೂರು:
ಓಡಿಸಿ ನೋಡಿದೆ. ಕಪ್ಲರ್ ಗೆರೆ ನೇರವಾಗೇ ಇದೆ. ಗೇಜ್ 1.2 ಮಿ.ಮೀ. ಬಲಕ್ಕೆ ತೋರಿಸ್ತಿದೆ. ಅಷ್ಟು ನಿಧಾನದಲ್ಲೂ ಹೀಗಾಗುತ್ತಾ?

ಸ್ಪಿಂಡಲ್_ಮೆಟಗಳ್ಳಿ:
ಆಗುತ್ತೆ, ಯಾಕೆಂದರೆ ಇದಕ್ಕೆ ವೇಗ ಲೆಕ್ಕಕ್ಕಿಲ್ಲ, ದಿಕ್ಕು ಎಷ್ಟು ಸಲ ಬದಲಾಯಿತು ಅನ್ನೋದಷ್ಟೇ ಲೆಕ್ಕ. ಜಿಆರ್‌ಬಿಎಲ್ ಡೈರೆಕ್ಷನ್ ಪಿನ್ ಬದಲಿಸಿದ ಬೆನ್ನಿಗೇ ಸ್ಟೆಪ್ ಪಲ್ಸ್ ಕಳಿಸುತ್ತದೆ. ಡ್ರೈವ್ ಒಳಗಿನ ಆಪ್ಟೊಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸೋ ಭಾಗ) ಆನ್ ಆಗೋದು ಬೇಗ, ಆಫ್ ಆಗೋದು ನಿಧಾನ. ಹಾಗಾಗಿ ಒಂದು ಕಡೆ ತಿರುಗುವಾಗ ಮೊದಲ ಪಲ್ಸ್ ಹಳೇ ದಿಕ್ಕಿಗೇ ಬೀಳುತ್ತದೆ. ಒಂದು ಹೆಜ್ಜೆ ಈ ಕಡೆ ಬರೋ ಬದಲು ಆ ಕಡೆ ಹೋಯಿತು ಅಂದರೆ ಎರಡು ಪಲ್ಸ್ ವ್ಯತ್ಯಾಸ. 2 ಭಾಗಿಸು 320, 0.00625 ಮಿ.ಮೀ. 200 ಸಲ ಹೋಗಿಬಂದರೆ 1.25. ನಿಮ್ಮ ಗೇಜ್ ಹೆಚ್ಚುಕಡಿಮೆ ಅದನ್ನೇ ಹೇಳ್ತಿದೆ. ಎರಡೂ ಕಡೆ ಒಂದೇ ಸಮ ತಡವಾಗಿದ್ದರೆ ಒಂದಕ್ಕೊಂದು ವಜಾ ಆಗಿ ಗೊತ್ತೇ ಆಗ್ತಿರಲಿಲ್ಲ.

ಪರಿಹಾರ ಕಾಸಿಲ್ಲದ್ದು. ಜಿಆರ್‌ಬಿಎಲ್ ಸೋರ್ಸ್‌ನ ಕಾನ್ಫಿಗ್ ಡಾಟ್ ಎಚ್ ಫೈಲ್‌ನಲ್ಲಿ ಸ್ಟೆಪ್ ಪಲ್ಸ್ ಡಿಲೇ ಅನ್ನೋ ಸಾಲು ಕಾಮೆಂಟ್ ಆಗಿರುತ್ತದೆ. ಕಾಮೆಂಟ್ ತೆಗೆಯಿರಿ, ಬೆಲೆ 10 ಮೈಕ್ರೊಸೆಕೆಂಡ್ ಇರಲಿ, ಮತ್ತೆ ಅಪ್‌ಲೋಡ್ ಮಾಡಿ. $0 (ಪಲ್ಸ್ ಅಗಲ) ಕೂಡ 10 ಇರಲಿ. ಆಮೇಲೆ ಅದೇ 200 ಸುತ್ತು ಓಡಿಸಿ. ಇನ್ನೂ ಜಾರಿದರೆ 20 ಮಾಡಿ ನೋಡಿ. ಅಪ್‌ಲೋಡ್‌ಗೆ ಮೊದಲು ಎಲ್ಲ $ ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ.

ಇದನ್ನು ಸರಿಮಾಡದೆ ಕ್ಲೋಸ್ಡ್ ಲೂಪ್ ಹಾಕಿದರೂ ಪಾಕೆಟ್ ಜಾರುತ್ತಲೇ ಇರುತ್ತದೆ. ಎನ್‌ಕೋಡರ್ ಕಾಯೋದು ಡ್ರೈವ್‌ಗೆ ಬಂದ ಪಲ್ಸನ್ನು. ಪಲ್ಸೇ ತಪ್ಪು ದಿಕ್ಕಿನದಾದರೆ ಆ ತಪ್ಪು ಜಾಗಕ್ಕೇ ನಿಷ್ಠೆಯಿಂದ ಹೋಗಿ ನಿಲ್ಲುತ್ತದೆ. ಡಿಎಂ542 ಕೂಡ ಡೈರೆಕ್ಷನ್‌ಗೆ ಪಲ್ಸ್‌ಗಿಂತ 5 ಮೈಕ್ರೊಸೆಕೆಂಡ್ ಮುಂಚಿತವಾಗಿ ಬದಲಾಗಿರಬೇಕು ಅಂತ ಕೇಳುತ್ತದೆ.

ಮಂಡ್ಯ_ಸ್ಟೆಪ್ಪರ್:
ಮೇಲಿನವರು ಹೇಳಿದ್ದು ಸರಿ. ಅದು ಮುಗಿದ ಮೇಲೆ ಡ್ರೈವ್ ಬದಲಿಸೋದಾದರೆ ಡಿಎಂ542 ಧಾರಾಳ ಸಾಕು ಅಣ್ಣ. ಬೀಟೆ ಗಟ್ಟಿ ಮರ, ಆದರೂ ಸಣ್ಣ ಕಟ್ಟರ್‌ನಲ್ಲಿ 2 ಮಿ.ಮೀ. ಪಾಕೆಟ್‌ಗೆ ಬಲ ಜಾಸ್ತಿ ಬೀಳಲ್ಲ.

ಸಪ್ಲೈ 36 ವೋಲ್ಟ್, 350 ವ್ಯಾಟ್ ತಗೊಳ್ಳಿ, ನಾಲ್ಕಕ್ಕೂ ಸಾಕು. ಮಿಲಿಹೆನ್ರಿಯಲ್ಲಿ ಹೇಳೋ ಇಂಡಕ್ಟೆನ್ಸ್‌ನ ವರ್ಗಮೂಲವನ್ನು 32ರಿಂದ ಗುಣಿಸುವ ಲೆಕ್ಕದಲ್ಲಿ ನಿಮ್ಮ ಮೋಟಾರ್ 55 ವೋಲ್ಟ್‌ವರೆಗೆ ತಾಳುತ್ತದೆ, ಆದರೆ ಡಿಎಂ542ರ ಮಿತಿಯೇ 50. ಜೋರಾಗಿ ಓಡ್ತಿರೋ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಸರಿಯೋ ಅಡ್ಡ ಚೌಕಟ್ಟು) ತಟ್ಟನೆ ನಿಂತಾಗ ಮೋಟಾರ್ ಜನರೇಟರ್ ಆಗಿ ಸಪ್ಲೈ ಕಡೆಗೇ ವೋಲ್ಟೇಜ್ ತಳ್ಳುತ್ತದೆ. 48 ಹಾಕಿದರೆ ಅದಕ್ಕೆ ಜಾಗವೇ ಇರಲ್ಲ. ಎಸ್‌ಎಂಪಿಎಸ್ ಪಕ್ಕದಲ್ಲಿ 115/230 ಸ್ವಿಚ್ ಇದ್ದರೆ ಪ್ಲಗ್ ಹಾಕೋ ಮುಂಚೆ 230ಕ್ಕೆ ತಳ್ಳಿ. 115ರಲ್ಲಿ ಬಿಟ್ಟು ಆನ್ ಮಾಡಿದರೆ ಢಬ್ ಅನ್ನುತ್ತದೆ.

ಡ್ರೈವ್‌ನ ಕರೆಂಟ್ ಸ್ವಿಚ್ ಮೊದಲು 2.84 ಆಂಪ್ ಪೀಕ್‌ಗೆ ಇಡಿ. ಅರ್ಧ ಗಂಟೆ ಕೆಲಸ ಮಾಡಿಸಿದ ಮೇಲೂ ಮೋಟಾರ್ ಬೆಚ್ಚಗಷ್ಟೇ ಇದ್ದರೆ 3.31. ನಾಲ್ಕನೇ ಸ್ವಿಚ್ ಆಫ್ ಇದ್ದರೆ ಮೋಟಾರ್ ನಿಂತಾಗ ಅರ್ಧ ಕರೆಂಟ್ ಕೊಡೋದು; ಎಕ್ಸ್, ವೈಗೆ ಆಫ್ ಇರಲಿ, ಸ್ಪಿಂಡಲ್ ಭಾರ ಹೊರೋ ಝಡ್‌ಗೆ ಆನ್ ಮಾಡಿ ಪೂರ್ತಿ ಕೊಡಿ. $1=255 ಮಾಡಿ, ಇಲ್ಲದಿದ್ದರೆ ನಿಂತ ಕೂಡಲೇ ಮೋಟಾರ್ ಹಿಡಿತ ಬಿಟ್ಟು, ಮತ್ತೆ ಹಿಡಿಯುವಾಗ ಹತ್ತಿರದ ಸ್ಟೆಪ್‌ಗೆ ಜಿಗಿಯುತ್ತದೆ. ಸಪ್ಲೈ ಆನ್ ಇದ್ದಾಗ ಮೋಟಾರ್ ವೈರ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ, ಡ್ರೈವ್ ಅಲ್ಲೇ ಹೋಗುತ್ತದೆ.

ಮೈಕ್ರೊಸ್ಟೆಪ್ 8ರಲ್ಲೇ ಬಿಡಿ. 16 ಮಾಡಿದರೆ 3000 ವೇಗಕ್ಕೆ ಸೆಕೆಂಡಿಗೆ 32000 ಪಲ್ಸ್ ಬೇಕು, ಊನೊ ಕೊಡೋದು 30000.

ಬೀಟೆಮರ_ಮೈಸೂರು:
ಡಿಲೇ 10 ಹಾಕಿದೆ, ಗೇಜ್ ಸೊನ್ನೆಗೇ ವಾಪಸ್ ಬಂತು. ಡ್ರೈವ್, ಸಪ್ಲೈ ನೀವು ಹೇಳಿದ್ದೇ ತಗೊಳ್ತೀನಿ. ಆಕ್ಸಿಲರೇಶನ್ ಎಷ್ಟು ಇಡಲಿ?

ಮಂಡ್ಯ_ಸ್ಟೆಪ್ಪರ್:
ನಂಬರ್ ಬೇರೆಯವರನ್ನು ಕೇಳಿ ಇಡೋದಲ್ಲ, ನಿಮ್ಮ ಗ್ಯಾಂಟ್ರಿ ತೂಕವೇ ಹೇಳಬೇಕು. ಮೊದಲು $120=100 ಇಟ್ಟುಕೊಂಡು $110 ಅನ್ನು 1500ರಿಂದ 250ರಂತೆ ಏರಿಸಿ, ಪ್ರತಿ ಸಲ 200 ಮಿ.ಮೀ. ಜಾಗ್ ಮಾಡಿ (ಕೈಯಾರೆ ಸರಿಸಿ) ಸೊನ್ನೆಗೆ ಬಂದು ಗೇಜ್ ನೋಡಿ. ಎಲ್ಲಿ ತಪ್ಪುತ್ತದೋ ಅದರ ಮುಕ್ಕಾಲು ಭಾಗ ಇಟ್ಟುಕೊಳ್ಳಿ. ಆಮೇಲೆ ಆ ವೇಗದಲ್ಲೇ $120 ಅನ್ನು 50ರಂತೆ ಏರಿಸಿ, ತಪ್ಪಿದ ಕಡೆಯಿಂದ ಮೂರನೇ ಒಂದು ಭಾಗ ಇಳಿಸಿ. ವೈಗೆ ಬೇರೆಯಾಗಿ ಮಾಡಿ, ಅಲ್ಲಿ ಹೊರೆ ಜಾಸ್ತಿ. ವೈ ಜೋಡಿಯಲ್ಲಿ ಒಂದು ಮೋಟಾರ್ ಉಲ್ಟಾ ತಿರುಗಿದರೆ ಅದರ ಒಂದು ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಿ, ಮೊದಲು ಸಪ್ಲೈ ಆಫ್.

ಸ್ಪಿಂಡಲ್_ಮೆಟಗಳ್ಳಿ:
ಎಲ್ಲ ಆದಮೇಲೆ ಸ್ಪಿಂಡಲ್ ಆನ್ ಮಾಡಿ 200 ಸುತ್ತಿನ ಪರೀಕ್ಷೆ ಇನ್ನೊಂದು ಸಲ ಓಡಿಸಿ. ಆಗ ಮಾತ್ರ ತಪ್ಪಿದರೆ ವಿಎಫ್‌ಡಿ (ಸ್ಪಿಂಡಲ್ ವೇಗ ನಿಯಂತ್ರಕ) ಹೊರಡಿಸೋ ನಾಯ್ಸ್. ಸ್ಪಿಂಡಲ್ ಕೇಬಲ್ ಶೀಲ್ಡೆಡ್ ಇರಲಿ, ಪಲ್ಸ್ ವೈರ್‌ಗಳಿಂದ ಒಂದು ಗೇಣು ದೂರ ಎಳೆಯಿರಿ. ಪಲ್ಸ್ ವೈರ್‌ಗಳ ಶೀಲ್ಡ್ ಮಾತ್ರ ಕಂಟ್ರೋಲರ್ ಬಾಕ್ಸ್ ಕಡೆ ಒಂದೇ ತುದಿಯಲ್ಲಿ ಅರ್ತ್ ಆಗಬೇಕು.