ಸೆಲ್ಫ್ ಹೊಡೆಯುತ್ತೆ, ಎಂಜಿನ್ ಹಿಡಿಯಲ್ಲ: ಕೀ ಶೆಲ್ ಬದಲಿಸಿದ ಮೇಲೆ ಶುರುವಾದ ತೊಂದರೆ

ಘಾಟಿರಸ್ತೆ:

ಕಾರು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್. ಬಾಗಿಲಿಗೆ ರಿಮೋಟ್ ಇದೆ, ಸ್ಟಾರ್ಟ್ ಮಾಡೋದು ಕೀ ತಿರುಗಿಸಿಯೇ. ರಿಮೋಟ್ ಬಟನ್‌ನ ರಬ್ಬರ್ ಹರಿದಿತ್ತು ಅಂತ ಪೇಟೆಯ ಕೀ ಅಂಗಡಿಯೊಂದರಲ್ಲಿ ಶೆಲ್ (ಕೀಯ ಪ್ಲಾಸ್ಟಿಕ್ ಹೊರಕವಚ) ಬದಲಿಸಿ ಮಡಚುವ ಕೀ ಮಾಡಿಸಿದ್ದು. ಆಮೇಲಿಂದ ಹೀಗೆ:

ಲಾಕ್, ಅನ್‌ಲಾಕ್ ಎರಡೂ ದೂರದಿಂದಲೇ ಆಗುತ್ತೆ. ಕೀ ತಿರುಗಿಸಿದರೆ ಸೆಲ್ಫ್ ಜೋರಾಗೇ ಹೊಡೆಯುತ್ತೆ. ಆದರೆ ಎಂಜಿನ್ ಕೆಲವು ಸಲ ಹಿಡಿಯೋದೇ ಇಲ್ಲ, ಕೆಲವು ಸಲ ಹಿಡಿದು ಒಂದೆರಡು ಸೆಕೆಂಡಿಗೇ ಆಫ್ ಆಗುತ್ತೆ. ಆ ಹೊತ್ತಲ್ಲಿ ಮೀಟರ್‌ನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಾ ಇರುತ್ತೆ. ಕೀ ಹೊರಗೆ ತೆಗೆದು ಮತ್ತೆ ಹಾಕಿದರೆ ಸರಿಹೋಗಿದ್ದೂ ಇದೆ. ಬ್ಯಾಟರಿ 12.5 ವೋಲ್ಟ್ ತೋರಿಸ್ತಿದೆ, ರಿಮೋಟ್‌ಗೆ ಹೊಸ ಸೆಲ್ ಹಾಕಿದೆ. ಗ್ಯಾರೇಜಲ್ಲಿ ಫ್ಯೂಯಲ್ ಪಂಪ್ ಬದಲಿಸಿ ಅಂತಿದ್ದಾರೆ. ಲಾಕ್ ಸರಿಯಾಗಿ ಆಗ್ತಿರುವಾಗ ಕೀಯಲ್ಲೇ ದೋಷ ಇರೋಕೆ ಸಾಧ್ಯನಾ? ಮೊದಲು ಎಲ್ಲಿ ನೋಡಬೇಕು?

ಕೀಬೆಂಚ್:

ಪಂಪ್‌ಗೆ ಈಗಲೇ ಕೈ ಹಾಕಬೇಡಿ. ಕೀ ದೀಪ ಮಿಣುಕ್ತಿದೆ ಅಂದರೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ಕಳ್ಳತನ-ತಡೆ ವ್ಯವಸ್ಥೆ) ನಿಮ್ಮ ಕೀಯನ್ನು ಗುರುತಿಸಿಲ್ಲ, ಅದಕ್ಕೇ ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತಡೆದು ನಿಲ್ಲಿಸಿದೆ. ಸೆಲ್ಫ್ ಮಾತ್ರ ಎಷ್ಟೋ ಕಾರುಗಳಲ್ಲಿ ಈ ತಡೆಗೆ ಸಿಗಲ್ಲ, ಹಾಗಾಗಿ ಅದು ಹೊಡೆಯುತ್ತಲೇ ಇರುತ್ತೆ.

ನಿಮ್ಮ ಕೀ ಒಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸ ನಡೆಯುತ್ತೆ. ಒಂದು ರಿಮೋಟ್: ಸೆಲ್ ಬೇಕು, ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಬಾಗಿಲಿನ ಲಾಕ್ ಜೊತೆ ಮಾತಾಡುತ್ತೆ. ಇನ್ನೊಂದು ಟ್ರಾನ್ಸ್‌ಪಾಂಡರ್ ಚಿಪ್: ಇದಕ್ಕೆ ಸೆಲ್ ಬೇಡವೇ ಬೇಡ. ಕೀ ಹಾಕುವ ಬ್ಯಾರಲ್‌ನ ಬಾಯಿ ಸುತ್ತ ಒಂದು ತಾಮ್ರದ ಕಾಯಿಲ್ ಇರುತ್ತೆ, ಅದು ಸುಮಾರು 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರ ಹುಟ್ಟಿಸುತ್ತೆ. ಚಿಪ್ ಅದರಿಂದಲೇ ಕರೆಂಟ್ ಪಡೆದು ತನ್ನ ಕೋಡ್ ವಾಪಸ್ ಕಳಿಸುತ್ತೆ. ಇದೆಲ್ಲ ಕೆಲವೇ ಸೆಂಟಿಮೀಟರ್ ಅಂತರದಲ್ಲಿ ನಡೆಯಬೇಕು. ಆದ್ದರಿಂದ ಬಾಗಿಲು ಲಾಕ್ ಆಗುತ್ತೆ ಅನ್ನೋದರಿಂದ ಚಿಪ್ ಬಗ್ಗೆ ಏನೂ ತಿಳಿಯಲ್ಲ. ಹೊಸ ಸೆಲ್ ಹಾಕಿದ್ದಕ್ಕೂ ಈ ತೊಂದರೆಗೂ ಸಂಬಂಧವೇ ಇಲ್ಲ.

ಶೆಲ್ ಬದಲಿಸುವಾಗ ಆಗುವ ಯಡವಟ್ಟು ಹೆಚ್ಚಾಗಿ ಇಲ್ಲೇ. ಕೆಲವು ಕೀಗಳಲ್ಲಿ ಚಿಪ್ ರಿಮೋಟ್ ಬೋರ್ಡ್ ಮೇಲೇ ಬೆಸೆದಿರುತ್ತೆ, ಅದು ಬೋರ್ಡ್ ಜೊತೆಗೇ ಬಂದುಬಿಡುತ್ತೆ. ಇನ್ನು ಕೆಲವುದರಲ್ಲಿ ಬೇರೆಯಾಗಿ, ಪ್ಲಾಸ್ಟಿಕ್ ಗೂಡಿನಲ್ಲಿ ಕೂತಿರುತ್ತೆ: ಸುಮಾರು 12 ಮಿಮೀ ಉದ್ದ, 6 ಮಿಮೀ ಅಗಲ, 3 ಮಿಮೀ ದಪ್ಪದ ಕಪ್ಪು ತುಣುಕು, ಇಲ್ಲವೇ ಅಕ್ಕಿಕಾಳಿನ ಆಕಾರದ ಗಾಜಿನ ಕೊಳವೆ. ಅದು ಹಳೆ ಶೆಲ್‌ನಲ್ಲೇ ಉಳಿದುಬಿಟ್ಟರೆ ಕಾರು ಒಂದು ಸಲವೂ ಸ್ಟಾರ್ಟ್ ಆಗಲ್ಲ. ನಿಮ್ಮದು ನಡುನಡುವೆ ಆಗ್ತಿದೆ, ಅಂದರೆ ಚಿಪ್ ಒಳಗಿದೆ. ತಪ್ಪು ಜಾಗದಲ್ಲಿ ಕೂತಿದೆ ಅಥವಾ ಸೀಳು ಬಿಟ್ಟಿದೆ. ಮಡಚುವ ಶೆಲ್ ಹಾಕಿದಾಗ ಚಿಪ್ ಬ್ಯಾರಲ್‌ನಿಂದ ದೂರ ಸರಿಯೋದು ಮಾಮೂಲು. ಸೆಲ್ ಹಿಡಿಯುವ ತಗಡಿನ ಕ್ಲಿಪ್ ಪಕ್ಕದಲ್ಲಿ ಅಂಟಿಸಿಬಿಟ್ಟರಂತೂ ಲೋಹ ಕಾಂತಕ್ಷೇತ್ರವನ್ನು ತಿಂದುಹಾಕುತ್ತೆ.

ಈ ಕ್ರಮದಲ್ಲಿ ನೋಡಿ. ಮನೆಯಲ್ಲಿರುವ ಎರಡನೇ ಕೀ ತೆಗೆದುಕೊಂಡು, ಅದನ್ನು ಒಂಟಿಯಾಗಿ ಹಾಕಿ ಹತ್ತು ಸಲ ಸ್ಟಾರ್ಟ್ ಮಾಡಿ. ಎರಡೂ ಕೀ ಒಂದೇ ರಿಂಗ್‌ನಲ್ಲಿ ಇರಬಾರದು, ಬೇರೆ ಬೈಕ್, ಕಾರಿನ ಚಿಪ್ ಕೀ ಕೂಡ ಬೇಡ. ಕಾಯಿಲ್ ಹತ್ತಿರ ಎರಡು ಚಿಪ್ ಒಟ್ಟಿಗೆ ಉತ್ತರ ಕೊಟ್ಟರೆ ಓದುವುದು ಕೆಡುತ್ತೆ. ಹತ್ತಕ್ಕೆ ಹತ್ತೂ ಹಿಡಿದರೆ ಕಾರಿನಲ್ಲಿ ದೋಷವಿಲ್ಲ, ಹೊಸ ಶೆಲ್ ಬಿಚ್ಚಿ. ಆ ಕೀಯಲ್ಲೂ ಹೀಗೇ ಆದರೆ ಸ್ಟೀರಿಂಗ್ ಕಾಲಮ್‌ನ ಪ್ಲಾಸ್ಟಿಕ್ ಕವರ್ ತೆಗೆದು ಕಾಯಿಲ್‌ನ ಕಪ್ಲರ್ ಎಳೆದು ನೋಡಿ, ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಕಾಯಿಲ್‌ಗೆ ನೇರವಾಗಿ ಎರಡೇ ವೈರ್ ಇರುವ ಮಾದರಿಯಾದರೆ ಮಲ್ಟಿಮೀಟರ್‌ನಲ್ಲಿ ಓಂ ಅಳೆಯಿರಿ. ಮಾದರಿ ಮೇಲೆ ಅಂಕಿ ಬದಲಾಗುತ್ತೆ, ಆದರೆ ಓಪನ್ ತೋರಿಸಿದರೆ ಕಾಯಿಲ್ ತುಂಡಾಗಿದೆ ಅಂತಲೇ.

ಚಿಪ್ ಸರಿಸುವಾಗ ಇಕ್ಕಳದಲ್ಲಿ ಒತ್ತಿ ಹಿಡಿಯಬೇಡಿ. ಅಂಟಿಗೆ ಸಿಕ್ಕಿದ್ದರೆ ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ. ಕೀಯ ಲೋಹದ ಬ್ಲೇಡ್ ಬುಡಕ್ಕೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಇಟ್ಟು, ಅಲುಗಾಡದ ಹಾಗೆ ಒಂದು ತೊಟ್ಟು ಸಿಲಿಕೋನ್ ಹಾಕಿದರೆ ಸಾಕು.

ಓಂಮೀಟರ್_ಹುಬ್ಬಳ್ಳಿ:

ಮ್ಯಾಲಿನವ್ರು ಹೇಳಿದ್ದು ಖರೇ. ಒಂದು ಮಾತು ಸೇರಸ್ತೀನ್ರಿ, ದೀಪ ಹೆಂಗ ನಡಕೊಳ್ತೈತಿ ಅನ್ನೋದು ಸರಿಯಾಗಿ ನೋಡ್ರಿ. ಸೆಲ್ಫ್ ಹೊಡಿಯೂಮುಂದ ದೀಪ ಮಿಣುಕಿದ್ರ ಚಿಪ್ಪಿನ ಕಡೆ ಹುಡುಕ್ರಿ. ಮೀಟರ್ ದೀಪ ಎಲ್ಲಾ ಪೂರಾ ಆರಿಹೋದ್ರ ಅದು ಬ್ಯಾರೇ ರೋಗ, ಇಗ್ನಿಷನ್ ಸ್ವಿಚ್‌ನ ಒಳಗಿನ ಕಾಂಟ್ಯಾಕ್ಟ್ ಸವದಿರ್ತಾವ, ಇಲ್ಲಾ ಬ್ಯಾಟರಿ ಕೂತಿರ್ತೈತಿ.

12.5 ವೋಲ್ಟ್ ಐತಿ ಅಂದ್ರ ನಂಬಬ್ಯಾಡ್ರಿ, ಅದು ಸುಮ್ಮನ ನಿಂತಾಗಿಂದು. ಒಬ್ರು ಸೆಲ್ಫ್ ಹೊಡೀಲಿ, ಇನ್ನೊಬ್ರು ಬ್ಯಾಟರಿ ಕಂಬದ ಮ್ಯಾಲೇ ಮಲ್ಟಿಮೀಟರ್ ಹಿಡೀರಿ. 9.6 ವೋಲ್ಟ್‌ಗಿಂತ ಕೆಳಗ ಬಿದ್ರ ಬ್ಯಾಟರಿ ಸೋತೈತಿ ಅಂತ ತಿಳೀರಿ. ಅದು ಚಲೋ ಇದ್ರ ಮೀಟರ್‌ನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಸ್ವಿಚ್‌ನಿಂದ ಹೊರಗ ಬರೋ ಐಜಿ ವೈರ್‌ಗೆ (ಇಗ್ನಿಷನ್ ಕರೆಂಟ್ ಒಯ್ಯೋ ವೈರ್) ಹಚ್ಚಿ ಮತ್ತ ಸೆಲ್ಫ್ ಹೊಡೀರಿ. 0.5 ವೋಲ್ಟ್‌ಗಿಂತ ಹೆಚ್ಚು ಬಂದ್ರ ಆ ದಾರ್ಯಾಗ ಎಲ್ಲೋ ಲೂಸ್ ಐತಿ. ಕೀ ಬಿಟ್ಟ ಕ್ಷಣಕ್ಕ ಎಂಜಿನ್ ಹಿಡದಂಗ ಆದ್ರ ಗುರ್ತು ಪಕ್ಕಾ: ಸ್ಟಾರ್ಟ್ ಜಾಗಾದಾಗ ಐಜಿ ಕಾಂಟ್ಯಾಕ್ಟ್ ಬಿಟ್ಟುಹೊಂಟೈತಿ.

ಹಂಗಿದ್ರ ಪೂರಾ ಲಾಕ್ ಸೆಟ್ ಬದಲಿ ಮಾಡಬ್ಯಾಡ್ರಿ. ಭಾಳ ಗಾಡ್ಯಾಗ ಕರೆಂಟಿನ ಸ್ವಿಚ್ ಬ್ಯಾರಲ್ ಹಿಂದ ಸಣ್ಣ ಸ್ಕ್ರೂ ಮ್ಯಾಲೆ ಕೂತಿರ್ತೈತಿ, ಅದಷ್ಟೇ ಬಿಚ್ಚಿ ಬ್ಯಾರೇದು ಹಾಕಬಹುದು. ಹಳೇ ಕೀ ಹಂಗೇ ನಡೀತೈತಿ, ಕೋಡಿಂಗೂ ಬೇಕಾಗಂಗಿಲ್ಲ. ಕವರ್ ಬಿಚ್ಚೂಕ್ಕಿಂತ ಮೊದಲು ಬ್ಯಾಟರಿ ಮೈನಸ್ ತಗದು ಐದು ನಿಮಿಷ ಬಿಡ್ರಿ, ಸ್ಟೀರಿಂಗ್‌ನಾಗ ಏರ್‌ಬ್ಯಾಗ್ ಐತಿ. ಜಿಪಿಎಸ್ ಟ್ರ್ಯಾಕರ್ ಹಾಕ್ಸಿದ ಗಾಡಿ ಆಗಿದ್ರ ಅದನ್ನ ಮೊದಲು ನೋಡ್ರಿ. ಎಂಜಿನ್ ಬಂದ್ ಮಾಡೋ ರಿಲೇ ಕೂಡಸಾಕ ಕೆಲವ್ರು ಐಜಿ ವೈರ್ ಕತ್ತರಿಸಿ, ಬರೇ ತಿರುವಿ ಟೇಪ್ ಸುತ್ತಿರ್ತಾರ. ಆ ಜೋಡಣಿ ಬಿಸಿಯಾಗಿ ಕಪ್ಪಾಗಿರ್ತೈತಿ.

ಕೀ ಜೊಂಪಿ ಭಾರ ಇಡಬ್ಯಾಡ್ರಿ. ಇದು ಸಣ್ಣ ವಿಷಯ ಅಲ್ಲ. 2014ರಾಗ ಅಮೆರಿಕಾದ ಜನರಲ್ ಮೋಟರ್ಸ್ ಕಂಪನಿ ಸುಮಾರು 26 ಲಕ್ಷ ಕಾರು ವಾಪಸ್ ಕರೀತು. ಸ್ವಿಚ್‌ನ ಬಿಗಿ ಕಡಿಮಿ ಇದ್ದದ್ದಕ್ಕ, ಭಾರದ ಜೊಂಪಿ ಜೋತಾಡಿ ಇಲ್ಲಾ ಮೊಣಕಾಲು ತಾಗಿ, ಓಡೋ ಗಾಡ್ಯಾಗ ಕೀ ಎಸಿಸಿಗೆ (ಎಂಜಿನ್ ಬಂದ್ ಆಗಿ ರೇಡಿಯೋದಂಥಾವು ಅಷ್ಟೇ ನಡಿಯೋ ಜಾಗಾ) ಜಾರತಿತ್ತು. ಎಂಜಿನ್ ನಿಂತು ಏರ್‌ಬ್ಯಾಗೂ ಬಿಚ್ಚತಿರಲಿಲ್ಲ. ಸತ್ತವರು 124 ಮಂದಿ ಅಂತ ಕಂಪನಿಯ ಪರಿಹಾರ ನಿಧಿಯೇ ಒಪ್ಪಿಕೊಂಡಿತು.

ಘಾಟಿರಸ್ತೆ:

ಇಬ್ಬರಿಗೂ ಧನ್ಯವಾದ. ಎರಡನೇ ಕೀ ಹತ್ತಕ್ಕೆ ಹತ್ತೂ ಸಲ ಹಿಡಿಯಿತು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.6, ಐಜಿ ವೈರ್‌ನಲ್ಲಿ ನಷ್ಟ 0.2 ವೋಲ್ಟ್. ಹೊಸ ಶೆಲ್ ಬಿಚ್ಚಿದಾಗ ಚಿಪ್ ಸಿಕ್ಕಿದ್ದು ಬ್ಲೇಡ್ ಕಡೆಯಲ್ಲ, ರಿಂಗ್ ಸಿಕ್ಕಿಸುವ ತುದಿಯಲ್ಲಿ. ಸೆಲ್ ಕ್ಲಿಪ್‌ಗೆ ಒತ್ತಿಕೊಂಡು, ಹಳದಿ ಗಮ್ಮಿನಲ್ಲಿ ಅರ್ಧ ಮುಳುಗಿ ಕೂತಿತ್ತು. ಸೀಳು ಕಾಣಲಿಲ್ಲ. ಬ್ಲೇಡ್ ತಿರುಗುವ ಸ್ಪ್ರಿಂಗ್ ಪಕ್ಕದ ಗೂಡಿಗೆ ಸರಿಸಿ ಸಿಲಿಕೋನ್ ಹಾಕಿದೆ. ದೀಪ ಈಗ ಕೀ ಆನ್ ಮಾಡಿದ ತಕ್ಷಣ ಆರುತ್ತೆ, ಎಂಜಿನ್ ಪ್ರತಿ ಸಲ ಹಿಡೀತಿದೆ.

ತುಂಗಾತೀರ:

ಇದೇ ಚರ್ಚೆಯಲ್ಲಿ ಕೇಳ್ತೀನಿ. ಪುಶ್ ಬಟನ್ ಕಾರು, ಆಟೋಮ್ಯಾಟಿಕ್. ಕೀ ಜೇಬಲ್ಲೇ ಇದ್ದರೂ ಆಗಾಗ ‘ಕೀ ಇಲ್ಲ’ ಅಂತ ತೋರಿಸುತ್ತೆ. ಇನ್ನು ಕೆಲವೊಮ್ಮೆ ಆ ಸಂದೇಶ ಇಲ್ಲದೇನೂ ಬಟನ್ ಒತ್ತಿದರೆ ಎಸಿಸಿ ಮಾತ್ರ ಆನ್ ಆಗುತ್ತೆ, ಸೆಲ್ಫ್ ಹೊಡೆಯಲ್ಲ. ಎರಡೂ ಒಂದೇ ತೊಂದರೆನಾ?

ಕೀಬೆಂಚ್:

ಅಲ್ಲ, ಎರಡು ಬೇರೆ ಬೇರೆ.

ಮೊದಲನೆಯದು ಕೀ ಕಡೆಯದು. ಸ್ಮಾರ್ಟ್ ಕೀಯನ್ನು ಕಾರು ಸುಮಾರು 125 ಕಿಲೋಹರ್ಟ್ಸ್ ಆಸುಪಾಸಿನ ಸಿಗ್ನಲ್‌ನಿಂದ ಎಬ್ಬಿಸುತ್ತೆ, ಕೀ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಉತ್ತರ ಕೊಡುತ್ತೆ. ಈ ಉತ್ತರಕ್ಕೆ ಸೆಲ್ ಬೇಕು. ಸೆಲ್ ಅನ್ನು ಬರೀ ಮೀಟರ್‌ನಲ್ಲಿ ಅಳೆದರೆ ಮುಗಿದ ಸೆಲ್ ಕೂಡ 2.9 ತೋರಿಸೀತು. ಒಂದು ಕಿಲೋಓಂ ರೆಸಿಸ್ಟರ್ ಅಡ್ಡ ಹಿಡಿದು ಎರಡು ಸೆಕೆಂಡ್ ನೋಡಿ, 2.7ಕ್ಕಿಂತ ಇಳಿದರೆ ಬದಲಿಸಿ. ಸೆಲ್ ಮೇಲಿನ ಅಂಕಿ ನೋಡಿಯೇ ತನ್ನಿ: ಸಿಆರ್ 2032 ದಪ್ಪ 3.2 ಮಿಮೀ, ಸಿಆರ್ 2025 ದಪ್ಪ 2.5 ಮಿಮೀ. ವೋಲ್ಟೇಜ್ ಒಂದೇ ಅಂತ ತೆಳುವಾದ್ದು ಹಾಕಿದರೆ ಕ್ಲಿಪ್ ಹಿಡಿಯದೆ ಕಾರು ರಸ್ತೆ ಗುಂಡಿಯಲ್ಲಿ ಎಗರಿದಾಗೆಲ್ಲ ಸಂಪರ್ಕ ಬಿಡುತ್ತೆ.

ಸೆಲ್ ಸರಿಯಿದ್ದೂ ಹೀಗಾದರೆ ಕೀ ಎಲ್ಲಿಟ್ಟಿದ್ದೀರಿ ನೋಡಿ. ಫೋನಿನ ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಸುಮಾರು 110ರಿಂದ 205 ಕಿಲೋಹರ್ಟ್ಸ್ ಒಳಗೆ ಕೆಲಸ ಮಾಡುತ್ತೆ, ಕೀ ಎಬ್ಬಿಸುವ ಸಿಗ್ನಲ್ ಅದೇ ಪಟ್ಟಿಯೊಳಗೆ ಬರುತ್ತೆ. ಪ್ಯಾಡ್ ಮೇಲೆ ಅಥವಾ ಪಕ್ಕದಲ್ಲಿ ಕೀ ಇಟ್ಟರೆ ಅದಕ್ಕೆ ಕಾರಿನ ಕೂಗು ಕೇಳಿಸಲ್ಲ. ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್ ಅಡಾಪ್ಟರ್ ಕೂಡ ಗದ್ದಲ ಎಬ್ಬಿಸುತ್ತವೆ. ಒಂದೊಂದಾಗಿ ಕಿತ್ತು ಪರೀಕ್ಷಿಸಿ. ಮನೆಯಲ್ಲಿ ಕಾರಿನ ಪಕ್ಕದ ಗೋಡೆಗೇ ಕೀ ತೂಗುಹಾಕಿದರೆ ಎರಡೂ ರಾತ್ರಿಯಿಡೀ ಮಾತಾಡುತ್ತಾ ಸೆಲ್ ಬೇಗ ಮುಗಿಯಬಹುದು.

ದಾರಿಯಲ್ಲಿ ಸೆಲ್ ಪೂರ್ತಿ ಸತ್ತರೆ ಕೀಯೊಳಗಿನ ಲೋಹದ ಬ್ಲೇಡ್‌ನಿಂದ ಬಾಗಿಲು ತೆಗೆದು, ಬ್ರೇಕ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಬಹಳಷ್ಟು ಕಾರುಗಳಲ್ಲಿ ಬಟನ್ ಹಿಂದೆಯೇ ಕಾಯಿಲ್ ಇದೆ, ಸೆಲ್ ಇಲ್ಲದ ಚಿಪ್ ಅನ್ನು ಅದು ಓದುತ್ತೆ. ಕೆಲವು ಮಾದರಿಗಳಲ್ಲಿ ಆ ಜಾಗ ಕನ್ಸೋಲ್‌ನಲ್ಲೋ ಸ್ಟೀರಿಂಗ್ ಕಾಲಮ್‌ನಲ್ಲೋ ಇರುತ್ತೆ. ನಿಮ್ಮದು ಎಲ್ಲಿ ಅಂತ ಮ್ಯಾನುವಲ್‌ನಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ.

ಎರಡನೆಯದು ಬ್ರೇಕ್ ಸ್ವಿಚ್. ಬ್ರೇಕ್ ಒತ್ತಿದ್ದು ಕಾರಿಗೆ ಗೊತ್ತಾಗದಿದ್ದರೆ ಎಸಿಸಿ ತನಕವೇ ಬರುತ್ತೆ. ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿ, ಕೆಂಪು ದೀಪ ಗೋಡೆ ಮೇಲೆ ಬೀಳುತ್ತಾ ನೋಡಿ. ಬೀಳದಿದ್ದರೆ ಸ್ಟಾಪ್ ಲ್ಯಾಂಪ್ ಫ್ಯೂಸ್, ಆಮೇಲೆ ಪೆಡಲ್ ಮೇಲ್ಭಾಗದ ಸ್ವಿಚ್. ಇನ್ನೊಂದು ವಿಷಯ, ಎಂಜಿನ್ ಆಫ್ ಇದ್ದಾಗ ನಾಲ್ಕೈದು ಸಲ ಬ್ರೇಕ್ ತುಳಿದರೆ ಬೂಸ್ಟರ್‌ನ (ಬ್ರೇಕ್ ಒತ್ತಲು ನೆರವಾಗುವ ಭಾಗ) ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತೆ. ಮೆಲ್ಲಗೆ ಒತ್ತಿದರೆ ಸ್ವಿಚ್ ತಿರುಗುವಷ್ಟು ಕೆಳಗೆ ಹೋಗಲ್ಲ. ಎರಡೂ ಕಾಲಿಂದ ಬಲವಾಗಿ ತುಳಿದು ಬಟನ್ ಒತ್ತಿ. ಸ್ಟೀರಿಂಗ್ ಲಾಕ್ ಬಿಗಿದಿದ್ದರೂ ಹೀಗೇ ಆಗಬಹುದು, ಆಗ ಬಟನ್ ಒತ್ತುತ್ತಾ ಸ್ಟೀರಿಂಗ್ ಎಡಬಲ ಅಲುಗಿಸಿ.

ಓಂಮೀಟರ್_ಹುಬ್ಬಳ್ಳಿ:

ಘಾಟಿರಸ್ತೆ ಅವ್ರಿಗೆ ಕಡೇ ಮಾತು. ಎರಡೂ ಕೀ ಚಲೋ ಇರೂವಾಗಲೇ ಮೂರನೇದೊಂದು ಕೋಡ್ ಮಾಡಿಸಿ ಇಡ್ರಿ. ಒಂದು ಕೀ ಕೈಯಾಗಿದ್ರ ಕೆಲಸ ಸಸಾರ. ಎಲ್ಲಾ ಕಳದ್ರ ಇಮ್ಮೊಬಿಲೈಸರ್‌ನ ಪಿನ್ (ಗುಪ್ತ ಸಂಖ್ಯೆ) ತಗಸಬೇಕು, ಕೆಲವು ಗಾಡ್ಯಾಗ ಇಮ್ಮೊಬಿಲೈಸರ್ ಡಬ್ಬಿ ಬದಲಿ ಮಾಡೂತನಕಾ ಹೋಗ್ತೈತಿ. ಕೋಡಿಂಗ್ ಮಾಡಸೂವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿರಲಿ, ನಡುವ ವೋಲ್ಟೇಜ್ ಕುಸದ್ರ ಮಾಡ್ಯೂಲ್ ಅರ್ಧಕ್ಕ ನಿಂತು ಇದ್ದ ಕೀನೂ ಕೆಟ್ಟಾವು. ಭಾಳ ಗಾಡ್ಯಾಗ ಹೊಸಾದು ಸೇರಸೂಮುಂದ ಹಳೇವು ಎಲ್ಲಾ ಅಳಿಸಿಹೋಗ್ತಾವ, ಅದಕ್ಕ ಇರೋ ಕೀ ಅಷ್ಟೂ ಜತಿಗೆ ಒಯ್ರಿ. ಆರ್‌ಸಿ ಮತ್ತ ಗುರುತಿನ ಚೀಟಿ ಕೇಳದ ಕೋಡ್ ಮಾಡಿಕೊಡೋ ಅಂಗಡಿ ಕಡೆ ಹೋಗಬ್ಯಾಡ್ರಿ.

ಹಳೇ ಶೆಲ್ಲೂ ಬಿಸಾಡಬ್ಯಾಡ್ರಿ. ಗಾಡಿ ಕಳುವಾದ್ರ ವಿಮಾದವ್ರು ಸಾಮಾನ್ಯವಾಗಿ ಎರಡೂ ಮೂಲ ಕೀ ಕೇಳ್ತಾರ. ಒಂದು ಕಳದಿದ್ರ ಪೊಲೀಸ್ ದೂರಿನ ಪ್ರತಿ, ಶೆಲ್ ಬದಲಿ ಆಗಿದ್ರ ಅದರ ಬಿಲ್, ಎರಡನ್ನೂ ವಿಮಾ ಕಾಗದದ ಜೋಡಿ ಇಟ್ಟಿರ್ರಿ.