ಜೈಲಿನಿಂದ ಬರುವ 15 ನಿಮಿಷದ ಫೋನಿಗೆ ಇಷ್ಟು ದುಡ್ಡಾ?

ಹಾಸನದವನು, ಟೆಕ್ಸಾಸ್:
ನನ್ನ ಚಿಕ್ಕಮ್ಮನ ಮಗ ಎರಡು ತಿಂಗಳಿಂದ ಇಲ್ಲಿಯ ಒಂದು ಸಣ್ಣ ಕೌಂಟಿ (ಜಿಲ್ಲೆಯ ಥರ) ಜೈಲಿನಲ್ಲಿದ್ದಾನೆ. ವಿಚಾರಣೆ ಇನ್ನೂ ಶುರುವಾಗಿಲ್ಲ, ಬೇಲ್ ಕಟ್ಟಲು ದುಡ್ಡಿಲ್ಲ. ಅಲ್ಲಿಂದ ಇಂಡಿಯಾಗೆ ಕಾಲ್ ಹೋಗುವುದಿಲ್ಲ. ಸಂಜೆ ಏಳಕ್ಕೆ ನನಗೆ ಮಾಡುತ್ತಾನೆ. ಹಾಸನದಲ್ಲಿ ಆಗ ಬೆಳಗಿನ ಐದೂವರೆ, ಚಿಕ್ಕಮ್ಮ ಇನ್ನೊಂದು ಫೋನಿನಲ್ಲಿ ವಾಟ್ಸಾಪ್‌ನಲ್ಲಿ ಕಾಯುತ್ತಿರುತ್ತಾರೆ. ಎರಡೂ ಫೋನ್ ಸ್ಪೀಕರಿಗೆ ಹಾಕಿ ಅಡುಗೆ ಕಟ್ಟೆ ಮೇಲೆ ಪಕ್ಕಪಕ್ಕ ಇಡುತ್ತೇನೆ.

ನಿಮಿಷಕ್ಕೆ 21 ಸೆಂಟ್. 15 ನಿಮಿಷಕ್ಕೆ ತಾನೇ ಕಟ್ ಆಗುತ್ತದೆ. ಅಂದರೆ ಒಂದು ಕಾಲಿಗೆ 3 ಡಾಲರ್ 15 ಸೆಂಟ್, ಅದರಲ್ಲಿ ಐದು ನಿಮಿಷ ಚಿಕ್ಕಮ್ಮನ ಅಳುವಿಗೇ ಹೋಗುತ್ತದೆ. ಫೋನ್ ಖಾತೆಗೆ 25 ಡಾಲರ್ ಹಾಕಿದರೆ ಮೇಲೆ 3 ಡಾಲರ್ ಫೀಸು ಬೇರೆ. ಯಾರಾದರೂ ಮೋಸ ಮಾಡುತ್ತಿದ್ದಾರಾ?

ನ್ಯೂಜೆರ್ಸಿಯ ಅಕ್ಕ:
ಮೋಸ ಅಂತ ಹೇಳಲಾಗದಪ್ಪ, ಇಷ್ಟು ರೇಟನ್ನು ಕಾನೂನೇ ಬಹುಕಾಲ ಒಪ್ಪಿತ್ತು. ಹೊಟ್ಟೆ ಉರಿಯುವುದು ಅದಕ್ಕೇ. ಫೋನ್ ಗುತ್ತಿಗೆ ಪಡೆದ ಕಂಪನಿ ತನ್ನ ಗಳಿಕೆಯಲ್ಲಿ ಎಷ್ಟೋ ಕಡೆ ಜೈಲಿಗೇ ಕಮಿಷನ್ ಕೊಡುತ್ತಾ ಬಂದಿದೆ. ರೇಟು ಇಳಿದರೆ ಇಬ್ಬರಿಗೂ ನಷ್ಟ. ಒಳಗಿರುವವನಿಗೆ ಬೇರೆ ಕಂಪನಿ ಆರಿಸುವ ಹಕ್ಕೂ ಇಲ್ಲ.

ವಾಷಿಂಗ್ಟನ್‌ನ ಮಾರ್ಥಾ ರೈಟ್ ಎಂಬ ಅಜ್ಜಿ, ಜೈಲಿನಲ್ಲಿದ್ದ ಮೊಮ್ಮಗನ ಫೋನ್ ಬಿಲ್ ಕಟ್ಟಿ ಕಟ್ಟಿ ಸಾಕಾಗಿ 2000ದಲ್ಲಿ ಕೋರ್ಟಿಗೆ ಹೋದರು. 2003ರಲ್ಲಿ, ಫೋನ್ ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಸಿಸಿಗೆ ಅರ್ಜಿ. ಅವರು 2015ರಲ್ಲಿ ತೀರಿಕೊಂಡರು, ಅವರ ಹೆಸರಿನ ಕಾಯ್ದೆ ಬಂದದ್ದು 2023ರ ಜನವರಿಯಲ್ಲಿ! ಅದರಡಿ 2024ರಲ್ಲಿ ಎಫ್‌ಸಿಸಿ ದೊಡ್ಡ ಜೈಲುಗಳಿಗೆ ನಿಮಿಷಕ್ಕೆ 6 ಸೆಂಟ್, ತೀರಾ ಸಣ್ಣವಕ್ಕೆ 12 ಸೆಂಟ್ ಅಂತ ಮಿತಿ ಹಾಕಿ, ಕಮಿಷನ್ನೂ ನಿಲ್ಲಬೇಕು ಅಂತ ಆದೇಶ ಮಾಡಿತು. 2025ರಲ್ಲಿ ಜಾರಿಯನ್ನು ಮುಂದೂಡಿದರು, ಆಮೇಲೆ ಮಿತಿಯನ್ನೇ ಮೇಲಕ್ಕೆ ಏರಿಸಿದರು. ಕನೆಕ್ಟಿಕಟ್, ಕ್ಯಾಲಿಫೋರ್ನಿಯಾ, ಮಿನ್ನೆಸೋಟಗಳಲ್ಲಿ ರಾಜ್ಯದ ಜೈಲುಗಳಿಂದ ಕಾಲ್ ಫ್ರೀ. ಟೆಕ್ಸಾಸ್‌ನಲ್ಲಿ ಆ ಮಾತೇ ಇಲ್ಲ. ಅಲ್ಲಿ ಕೈದಿಗಳಿಗೆ ಬಹುಪಾಲು ಕೆಲಸಕ್ಕೆ ಕೂಲಿಯೇ ಕೊಡುವುದಿಲ್ಲ, ಅವರೇ ಫೋನಿಗೆ ದುಡ್ಡು ಎಲ್ಲಿಂದ ತರಬೇಕು?

ಬೆಂಗಳೂರು_ಆಸ್ಟಿನ್:
ಎರಡು ಫೋನ್ ಇಟ್ಟು ಮಾತಾಡಿಸುವುದು ಹುಷಾರು. ಮೂರನೆಯವರನ್ನು ಸೇರಿಸಿಕೊಂಡರೆ ಕಾಲ್ ಕತ್ತರಿಸುತ್ತಾರೆ, ಕೆಲವು ಕಡೆ ನಂಬರನ್ನೇ ಬ್ಲಾಕ್ ಮಾಡುತ್ತಾರೆ. ಮೊದಲು ಜೈಲಿನ ನಿಯಮ ಕೇಳಿ. ಎಲ್ಲಾ ರೆಕಾರ್ಡ್ ಆಗುತ್ತದೆ. ಕನ್ನಡ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡು ಕೇಸಿನ ಮಾತು ಎತ್ತಲೇಬೇಡಿ. ಫೀಸು ಪ್ರತಿ ಸಲ ಬೀಳುತ್ತದಲ್ವಾ, ಒಟ್ಟಿಗೆ 50 ಹಾಕಿ.

ಸುಮ್ನೆ_ಒಬ್ಬ:
ತಪ್ಪು ಮಾಡಿ ಒಳಗೆ ಹೋದವರಿಗೆ ಫೋನ್ ಬೇರೆ ಸಸ್ತಾ ಆಗಬೇಕಾ?

ಹಾಸನದವನು, ಟೆಕ್ಸಾಸ್:
ಸ್ವಾಮಿ, ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಇನ್ನೂ ಯಾರೂ ಹೇಳಿಲ್ಲ. ಮತ್ತೆ, ದುಡ್ಡು ಕಟ್ಟುತ್ತಿರುವವನು ನಾನು.

ಅಕ್ಕ, ಆಸ್ಟಿನ್‌ನವರೇ, ಥ್ಯಾಂಕ್ಸ್. ಜೈಲಿಗೆ ಫೋನ್ ಮಾಡಿ ನಿಯಮ ಕೇಳಿದೆ, ಯಾರನ್ನೂ ಸೇರಿಸಿಕೊಳ್ಳುವಂತಿಲ್ಲವಂತೆ. ಈಗ ಚಿಕ್ಕಮ್ಮ ಹೇಳಿದ್ದನ್ನು ಬರೆದುಕೊಂಡು ನಾನೇ ಅವನಿಗೆ ಓದುತ್ತೇನೆ. ನಿನ್ನೆಯ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹಸು ಕರು ಹಾಕಿದೆ, ಹೆಣ್ಣು.