ಸ್ಟೋರೇಜ್ ಕೆಲಸದ ‘ಸೀಡಿಂಗ್’: ಬಿತ್ತನೆಯೋ, ನಾಟಿಯೋ, ಅಗಿ ಹಚ್ಚುವುದೋ?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕಾಗಿದೆ. ನಮ್ಮ ಕಚೇರಿಯ ಸ್ಟೋರೇಜ್ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಕೂತವರು ಓದಿಕೊಂಡು ಕೆಲಸ ಮಾಡುವಂತಿರಬೇಕು. ‘ಸೀಡಿಂಗ್’ ಅನ್ನೋ ಕಡೆ ಬಂದು ಕೈ ನಿಂತುಬಿಟ್ಟಿದೆ.

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಬೆಂಗಳೂರಿನ ಡೇಟಾಗೆ ಹುಬ್ಬಳ್ಳಿಯಲ್ಲಿ ಸದಾ ಒಂದು ಪ್ರತಿ ಇರಬೇಕು. ದಿನಕ್ಕೆ ಬದಲಾಗುವುದು ಸುಮಾರು 40 ಜಿಬಿ. ಎರಡೂ ಊರುಗಳ ನಡುವಿನ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಲಿಂಕ್‌ನಲ್ಲಿ ಅದು ಒಂದು ಗಂಟೆಯೊಳಗೆ ಹೋಗುತ್ತದೆ. ಆದರೆ ಮೊದಲ ಸಲ ಇಡೀ 12 ಟಿಬಿ ಹೋಗಬೇಕಲ್ವಾ? ಬೇರೆಲ್ಲ ನಿಲ್ಲಿಸಿ ಲಿಂಕನ್ನು ಅದಕ್ಕೇ ಬಿಟ್ಟುಕೊಟ್ಟರೂ 11 ದಿನ ಬೇಕು. ಹಾಗಾಗಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಗಳಿಗೆಯಲ್ಲಿ ಡೇಟಾ ಹೇಗಿತ್ತೋ ಹಾಗೇ ಹಿಡಿದಿಟ್ಟ ಚಿತ್ರ, ತೆಗೆದು, ಅದರ ಬ್ಯಾಕಪ್ಪನ್ನು ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ ಡಿಸ್ಕ್‌ಗಳಿಗೆ ಬರೆದು, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗುತ್ತೇವೆ. ಹುಬ್ಬಳ್ಳಿಯಲ್ಲಿ ಅದನ್ನು ಇಳಿಸಿದರೆ ಆಯಿತು. ಆ ಸ್ನ್ಯಾಪ್‌ಶಾಟ್ ಆದಮೇಲೆ ಬದಲಾದಷ್ಟು ಮಾತ್ರ ಲಿಂಕ್‌ನಲ್ಲಿ ಹೋಗುತ್ತದೆ. ಈ ಮೊದಲ ಹೊರೆ ಸಾಗಿಸುವುದಕ್ಕೇ ಸೀಡಿಂಗ್ ಅನ್ನುವುದು.

ಮೊದಲು ‘ಬಿತ್ತನೆ’ ಅಂತ ಬರೆದೆ. ಓದಿದರೆ ಸರಿ ಅನ್ನಿಸಲಿಲ್ಲ. ಬಿತ್ತುವುದು ಅಂದರೆ ಹಿಡಿ ಕಾಳು ಹಾಕಿ ಹೊಲ ತುಂಬಾ ಬೆಳೆ ಕಾಣುವುದು. ಇಲ್ಲಿ ಹಿಡಿಯಷ್ಟಲ್ಲ, ಇಡೀ 12 ಟಿಬಿ ಮೊದಲೇ ಹೋಗಿರುತ್ತದೆ. ‘ಹೆಪ್ಪು ಹಾಕುವುದು’ ಅಂತಲೂ ಯೋಚಿಸಿದೆ. ಅದಕ್ಕೂ ಅದೇ ತೊಡಕು. ಒಂದು ಚಮಚ ಮಜ್ಜಿಗೆ ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುತ್ತದೆ. ಜನ ತಮ್ಮತಮ್ಮಲ್ಲೇ ಫೈಲ್ ಹಂಚಿಕೊಳ್ಳುವ ಬಿಟ್‌ಟೊರೆಂಟ್‌ನ ಸೀಡಿಂಗ್‌ಗೆ ಬಿತ್ತನೆ ಚೆನ್ನಾಗಿಯೇ ಒಪ್ಪುತ್ತದೆ. ಒಬ್ಬರ ಬಳಿ ಇದ್ದದ್ದು ಹತ್ತು ಕಡೆ ಹರಡುತ್ತದೆ.

ಈ ಕೆಲಸಕ್ಕೆ ನನಗೆ ಹತ್ತಿರ ಅನ್ನಿಸಿದ್ದು ನಾಟಿ. ಒಟ್ಲಲ್ಲಿ (ಸಸಿ ಮಡಿಯಲ್ಲಿ) ಬೆಳೆದ ಪೈರನ್ನು ಕಿತ್ತು, ಕಟ್ಟು ಕಟ್ಟಿ, ಹೊತ್ತುಕೊಂಡು ಹೋಗಿ ಇನ್ನೊಂದು ಗದ್ದೆಯಲ್ಲಿ ನೆಡುತ್ತಾರೆ. ಬೇರು ಕಚ್ಚಿಕೊಂಡ ಮೇಲೆ ನೀರು ಹಾಯಿಸುತ್ತಾ ಹೋದರೆ ಸಾಕು. ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೂ ಹೋಗುತ್ತದೆ. ಪೈರು ಒಟ್ಲಲ್ಲೇ ಜಾಸ್ತಿ ದಿನ ಉಳಿದು ಬಲಿತರೆ, ನೆಟ್ಟಮೇಲೆ ತೆಂಡೆ (ಬುಡದ ಮರಿಗಳು) ಸರಿಯಾಗಿ ಒಡೆಯುವುದಿಲ್ಲ. ಇದು ನಮಗೂ ಆಗಿದೆ. ನಾನು ಮೊದಲು ಕೆಲಸಕ್ಕಿದ್ದ ಕಡೆ ಡಿಸ್ಕ್‌ಗಳು ಊರು ತಲುಪಿ, ಬೀಗ ಹಾಕಿದ ಕೋಣೆಯಲ್ಲಿ ಎರಡು ವಾರ ಹಾಗೇ ಕೂತವು. ಅಷ್ಟರಲ್ಲಿ ಇತ್ತ ಹಳೆಯದನ್ನು ತಾನಾಗಿ ಅಳಿಸುವ ನಿಯಮ ಓಡಿ, ನಾವು ತೆಗೆದಿದ್ದ ಸ್ನ್ಯಾಪ್‌ಶಾಟೇ ಹೋಗಿತ್ತು. ಎರಡೂ ಕಡೆ ಒಂದೇ ಸ್ನ್ಯಾಪ್‌ಶಾಟ್ ಇಲ್ಲದಿದ್ದರೆ ಎಲ್ಲಿಂದ ಬದಲಾಗಿದೆ ಅಂತ ಲೆಕ್ಕ ಹಾಕೋದಕ್ಕೇ ಆಗಲ್ಲ. ಡಿಸ್ಕ್‌ಗಳನ್ನು ವಾಪಸ್ ತಂದು ಮೊದಲಿಂದ ಬರೆದೆವು. ಆ ಎಚ್ಚರಿಕೆ ಪದದಲ್ಲೇ ಇದ್ದರೆ ಎಷ್ಟು ಚೆನ್ನ ಅನ್ನೋದು ನನ್ನ ಆಸೆ.

ಆದರೆ ನಾಟಿಗೂ ಒಂದು ಕಷ್ಟ ಇದೆ. ‘ನಾಟಿ ಮಾಡಿ’ ಅಂದರೆ ತೊಂದರೆಯಿಲ್ಲ. ‘ನಾಟಿ ಪ್ರತಿ’ ಅಂದ ತಕ್ಷಣ ನಾಟಿ ಕೋಳಿ, ನಾಟಿ ಔಷಧಿ ನೆನಪಾಗುತ್ತದೆ. ನಾಮಪದಕ್ಕೆ ಬೇರೆ ಏನಾದರೂ ಬೇಕು. ‘ಮೂಲ ಪ್ರತಿ’ ಅಂತೂ ಬೇಡ. ಅದು ಬೆಂಗಳೂರಲ್ಲಿರುವ ಅಸಲಿ ಡೇಟಾ ಅಂತ ಓದಿಕೊಂಡು ಯಾರಾದರೂ ಅದರ ಮೇಲೆಯೇ ಬರೆದುಬಿಟ್ಟಾರು.

ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, “ಮೆಣಸಿನಕಾಯಿ ಅಗಿ ಹಚ್ಚಿದಂಗ ಆತಲ್ರಿ ಸರ” ಅಂದರು. ಅಗಿ ಅಂದರೆ ಸಸಿ, ಹಚ್ಚುವುದು ಅಂದರೆ ನೆಡುವುದು. ನನಗೆ ಬಹಳ ಹಿಡಿಸಿತು. ಅವರ ಕಡೆ ಜೋಳ ಕೂರಿಗೆಯಲ್ಲಿ ಬಿತ್ತುವುದು, ಮೆಣಸಿನಕಾಯಿ ಹಚ್ಚುವುದು. ಎರಡಕ್ಕೂ ಬೇರೆ ಬೇರೆ ಮಾತು ಇದ್ದೇ ಇದೆ. ಮಲೆನಾಡಿನಲ್ಲಿ ಭತ್ತದ ಸಸಿಗೆ ‘ಅಗೆ’ ಅನ್ನುತ್ತಾರೆ. ದಕ್ಷಿಣ ಕನ್ನಡದಲ್ಲಿ ‘ನೇಜಿ’. ‘ಅಗೆ ಪ್ರತಿ’ ಅಂದರೆ ಚಿಕ್ಕದಾಗಿಯೂ ಇದೆ. ಆದರೆ ಮೈಸೂರು, ಮಂಡ್ಯದವರಿಗೆ ‘ಅಗೆ’ ಅಂದರೆ ನೆಲ ಅಗೆಯುವುದು, ‘ಹಚ್ಚು’ ಅಂದರೆ ದೀಪ ಹಚ್ಚುವುದು.

ಬಿತ್ತನೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಸ್ನ್ಯಾಪ್‌ಶಾಟ್ ತಪ್ಪಿಹೋಗಿ ಪೂರ್ತಿ ಮತ್ತೆ ಮಾಡುವುದಕ್ಕೆ ‘ಮರುಬಿತ್ತನೆ’ ಅನ್ನೋ ಪದ ಸಿದ್ಧವಾಗಿಯೇ ಇದೆ. ಮಳೆ ಕೈಕೊಟ್ಟ ವರ್ಷ ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ‘ಮರುನಾಟಿ’ ಅಷ್ಟು ಬಳಕೆಯಲ್ಲಿಲ್ಲ.

ಸದ್ಯಕ್ಕೆ ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: “ಮೊದಲು ಬ್ಯಾಕಪ್ಪಿನಿಂದ ನಾಟಿ ಮಾಡಿ. ನಾಟಿ ಮುಗಿದು, ಆಮೇಲೆ ಬದಲಾದದ್ದು ಮೊದಲ ಸಲ ಲಿಂಕ್‌ನಲ್ಲಿ ಹೋಗಿ ಮುಗಿಯುವವರೆಗೆ ಬೆಂಗಳೂರಿನ ಸಸಿ ಸ್ನ್ಯಾಪ್‌ಶಾಟನ್ನು ಅಳಿಸಬೇಡಿ.” ಈ ‘ಸಸಿ ಸ್ನ್ಯಾಪ್‌ಶಾಟ್’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಸುಮ್ನೆ ‘ಸೀಡ್’ ಅಂತಲೇ ಬಿಡೋದು ಒಳ್ಳೆಯದು ಅನ್ನಿಸಿದರೆ ಅದನ್ನೂ ಹೇಳಿ. ಮತ್ತೆ ನಿಮ್ಮ ಊರಿನಲ್ಲಿ ಸಸಿಯನ್ನು ಕಿತ್ತು ಬೇರೆ ಕಡೆ ನೆಡುವ ಕೆಲಸಕ್ಕೆ ಏನನ್ನುತ್ತಾರೆ, ಕಿತ್ತು ಕಟ್ಟಿಟ್ಟ ಸಸಿಯ ಹೊರೆಗೆ ಬೇರೆ ಹೆಸರಿದೆಯಾ, ದಯವಿಟ್ಟು ತಿಳಿಸಿ.